ಕಾಗದದ ಮೇಲೆ ಗುಂಡು ಕೂರುತ್ತೆ, ಮೈದಾನದಲ್ಲಿ ತಪ್ಪುತ್ತೆ, ಯಾಕೆ?

ಪ್ರಶ್ನೆ: ಅಕ್ಕನ ಮಗ ಅಮೆರಿಕದ ಸೇನೆ ಸೇರಿದ್ದಾನೆ. 25 ಮೀಟರಿನಲ್ಲಿ ಗುಂಡುಗಳನ್ನೆಲ್ಲ ಒಟ್ಟಿಗೆ ಕೂರಿಸಿದವನು ರೈಫಲ್ ಅರ್ಹತಾ ಪರೀಕ್ಷೆಯಲ್ಲಿ 40ಕ್ಕೆ 21 ಮಾತ್ರ ಹೊಡೆದನಂತೆ. ನಡುವಿನ ದೂರದವೇ ಹೆಚ್ಚು ತಪ್ಪಿದವಂತೆ. ಬಂದೂಕೇ ಸರಿಯಿಲ್ಲವೇ?

ಉತ್ತರ: ಬಂದೂಕಿನ ಮೇಲೆ ಅನುಮಾನ ಕೊನೆಗೆ ಇರಲಿ. ಪಾಸಾಗಲು 23 ಬೇಕು. 30 ಮುಟ್ಟಿದರೆ ಶಾರ್ಪ್‌ಶೂಟರ್ ದರ್ಜೆ, 36ಕ್ಕೆ ಅದಕ್ಕೂ ಮೇಲಿನ ಎಕ್ಸ್‌ಪರ್ಟ್. ಅವನಿಗೆ ಕಡಿಮೆಯಾದದ್ದು ಎರಡೇ.

25 ಮೀಟರಿನಲ್ಲಿ ನಡೆಯುವುದು ಪರೀಕ್ಷೆಯಲ್ಲ, ಸೈಟ್ (ಗುರಿ ನೋಡುವ ಸಾಧನ) ಹೊಂದಿಸುವ ಕೆಲಸ, ಅಂದರೆ ಝೀರೋ. ಗುಂಡುಗಳು 4 ಸೆಂ.ಮೀ. ವೃತ್ತದೊಳಗೆ ಬೀಳಬೇಕು. ಪರೀಕ್ಷೆಯ ಅತಿ ದೂರದ ಟಾರ್ಗೆಟ್ ಇರುವ 300 ಮೀಟರ್ 25ರ 12 ಪಟ್ಟು ದೂರ; 4 ಸೆಂ.ಮೀ. ಹರಡಿಕೆ ಅಲ್ಲಿ 48 ಸೆಂ.ಮೀ. ಆಗುತ್ತದೆ. ಎದ್ದು ನಿಲ್ಲುವ ಆಳಿನಾಕಾರದ ಟಾರ್ಗೆಟ್ಟಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಗುಂಡುಗಳ ಗುಂಪು ಚಿಕ್ಕದಾಗಿದ್ದರೂ ಒಂದು ಸೆಂಟಿಮೀಟರ್ ಬಲಕ್ಕಿದ್ದರೆ ಅಲ್ಲಿ 12 ಸೆಂ.ಮೀ. ಬಲಕ್ಕೆ. ಕೆಂಪುಚುಕ್ಕೆಯ ಎಂ-68 ಸೈಟಿನಲ್ಲಿ ಹೊಂದಿಸುವ ತಿರುಪಿನ ಒಂದು ಕ್ಲಿಕ್ ಎಂದರೆ 25 ಮೀಟರಿನಲ್ಲಿ ಸುಮಾರು 3 ಮಿ.ಮೀ. 'ಒಟ್ಟಿಗೆ ಕೂತವಲ್ಲ, ಸಾಕು' ಎಂದು ಆ ಮೂರು ಕ್ಲಿಕ್ ತಿರುಗಿಸದೆ ಎದ್ದು ಬರುವವರೇ ಬಹಳ. ಗುಂಪು ಕೂರಬೇಕಾದ ಜಾಗವೂ ಸೈಟಿನಿಂದ ಸೈಟಿಗೆ ಬೇರೆ.

ನಡುವಿನವು ತಪ್ಪಲು ಕಾರಣ ಇನ್ನೊಂದು. 25 ಮೀಟರಿನಲ್ಲಿ ಹೀಗೆ 300 ಮೀಟರಿಗೆ ಹೊಂದಿಸಿದ ಬಂದೂಕಿನ ಗುಂಡು 150–200 ಮೀಟರಿನಲ್ಲಿ ಗುರಿಗೆರೆಗಿಂತ (ಕಣ್ಣಿನಿಂದ ಗುರಿಗೆ ಹೋಗುವ ನೇರ ಗೆರೆ) ನಾಲ್ಕಾರು ಅಂಗುಲ ಮೇಲೆ ಹಾರುತ್ತದೆ. ಅಲ್ಲಿ ಕುತ್ತಿಗೆಗೆ ಗುರಿಯಿಟ್ಟರೆ ಗುಂಡು ತಲೆಯ ಮೇಲಿಂದ ಹೋಗಬಹುದು. ತಪ್ಪಿದಾಗ ಧೂಳು ಎಲ್ಲೆದ್ದಿತು ಎಂದು ಕೇಳಿ. ಟಾರ್ಗೆಟ್ಟಿನ ನೇರ ಹಿಂದೆ ಎದ್ದಿದ್ದರೆ ಗುಂಡು ಮೇಲಿಂದ ಹೋಗಿರಬಹುದು: ಕಾಣುವ ಭಾಗದ ನಟ್ಟನಡುವೆ, ಬೇಕಾದರೆ ಒಂದಿಷ್ಟು ಕೆಳಗೇ ಚುಕ್ಕೆ ಇಡಲಿ.

2019ರಲ್ಲಿ ಬಂದ ಹೊಸ ಕ್ರಮವೂ ಹಲವರನ್ನು ಕೆಡವುತ್ತದೆ. ಹತ್ತತ್ತು ಗುಂಡಿನ ನಾಲ್ಕು ಮ್ಯಾಗಜಿನ್. ಆಸರೆಯಿಲ್ಲದೆ ಬೋರಲು ಮಲಗಿ, ಆಸರೆಯಿಟ್ಟು ಮಲಗಿ, ಮೊಣಕಾಲೂರಿ, ಕೊನೆಗೆ ನಿಂತು. ಭಂಗಿ ಬದಲಿಸು, ಮ್ಯಾಗಜಿನ್ ಹಾಕು ಎಂದು ಯಾರೂ ಕೂಗುವುದಿಲ್ಲ. 50ರಿಂದ 300 ಮೀಟರಿನವರೆಗೆ ಟಾರ್ಗೆಟ್ಟುಗಳು ಒಮ್ಮೊಮ್ಮೆ ಎರಡು ಮೂರು ಒಟ್ಟಿಗೇ ಏಳುತ್ತವೆ. ಆಗ ಹತ್ತಿರದ್ದು ಮೊದಲು. ಒಂದಕ್ಕೇ ಎರಡು ಗುಂಡು ಖರ್ಚಾದರೆ ಆ ಹತ್ತರಲ್ಲಿ ಕೊನೆಯದಕ್ಕೆ ಮ್ಯಾಗಜಿನ್ ಖಾಲಿ. ಗುಂಡು ಸಿಕ್ಕಿಕೊಂಡರೆ ಮ್ಯಾಗಜಿನ್ನಿನ ತಳ ತಟ್ಟಿ, ಚಾರ್ಜಿಂಗ್ ಹ್ಯಾಂಡಲ್ (ಹೊಸ ಗುಂಡು ಒಳತರುವ ಹಿಡಿ) ಎಳೆದು ಬಿಡಬೇಕು, ಟಾರ್ಗೆಟ್ ಕಾಯುವುದಿಲ್ಲ. ಆಸರೆಗೆ ನಳಿಕೆಯ ಸುತ್ತಲಿನ ಮುಂಗೈ ಹಿಡಿಕೆ ತಾಗಲಿ, ಬರಿಯ ನಳಿಕೆ ಬೇಡ: ನಳಿಕೆಯನ್ನು ಒತ್ತಿದರೆ ಗುಂಡು ಬೀಳುವ ಜಾಗವೇ ಸರಿಯುತ್ತದೆ.

ಮನೆಯಲ್ಲಿ ಕೂತು ಕೇಳುವ ನಿಮಗೆ ಇದು ಆಟದಂತೆ ಕಂಡೀತು, ಆದರೆ ನಾಣ್ಯದ ಅಭ್ಯಾಸ ಮಾಡಿಸಲು ಹೇಳಿ. ಖಾಲಿ ಎಂದು ಇಬ್ಬರು ನೋಡಿ ಖಚಿತಪಡಿಸಿಕೊಂಡ ರೈಫಲ್ಲಿನ ನಳಿಕೆಯ ತುದಿಯ ಹತ್ತಿರ ಗೆಳೆಯನೊಬ್ಬ ಪಕ್ಕದಿಂದ ನಾಣ್ಯ ಇಡುತ್ತಾನೆ, ಇವನು ಟ್ರಿಗರ್ ಒತ್ತುತ್ತಾನೆ. ನಾಣ್ಯ ಬಿದ್ದರೆ ಬೆರಳು ಒತ್ತುತ್ತಿಲ್ಲ, ಜಗ್ಗುತ್ತಿದೆ. ಇನ್ನೊಂದು, ಗುಂಡು ಹಾರಿಸುವ ಮೈದಾನದಲ್ಲಿ: ಜೊತೆಗಾರ ಮ್ಯಾಗಜಿನ್ನಿನ ಅಸಲಿ ಗುಂಡುಗಳ ನಡುವೆ ಗೊತ್ತಾಗದಂತೆ ಒಂದು ಡಮ್ಮಿ (ಸಿಡಿಯದ) ಗುಂಡು ಸೇರಿಸಲಿ. ಅದರ ಸರದಿಗೆ ಶಬ್ದವಿಲ್ಲದೆಯೂ ನಳಿಕೆ ತಗ್ಗಿದರೆ, ಅವನು ಗುಂಡು ಹಾರುವ ಮೊದಲೇ ಬೆದರುತ್ತಿದ್ದಾನೆ.