ಮೊದಲು ಟೈರು, ಪವರ್ ಆಮೇಲೆ

ಪ್ರಶ್ನೆ: ನನ್ನದು 2017ರ ಫೋರ್ಡ್ ಮಸ್ಟಂಗ್ ಜಿಟಿ. ಕಳೆದ ದೀಪಾವಳಿಗೆ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡೆ. ಶೋಕಿಗೆ ಶೆಡ್ಡಿನಲ್ಲಿ ಇಟ್ಟಿಲ್ಲ. ದಿನಾ ಕುಂಬಳೆಗೆ ಇಳಿದು ಹೈವೇ ಹಿಡಿದು ಮಂಗಳೂರಿಗೆ ಹೋಗಿ ಬರುತ್ತೇನೆ, ಆಗಾಗ ಮಡಿಕೇರಿಗೂ ಹೋಗುವುದುಂಟು. ಮಾಡಿಫಿಕೇಶನ್‌ಗೆ ಅಂತ ಎರಡು ಲಕ್ಷ ತೆಗೆದಿಟ್ಟಿದ್ದೇನೆ. ಗೆಳೆಯರು ಕೋಲ್ಡ್ ಏರ್ ಇಂಟೇಕ್, ಎಕ್ಸಾಸ್ಟ್, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮೂರನ್ನೂ ಒಟ್ಟಿಗೆ ಮಾಡಿಸು ಅನ್ನುತ್ತಾರೆ. ಅಮೆರಿಕದಲ್ಲಿ ಇದೇ ಎಂಜಿನ್ 435 ಕುದುರೆಶಕ್ತಿ ಕೊಡುತ್ತದೆ, ನಮಗೆ ಕೊಟ್ಟದ್ದು 395. ಯಾವುದರಿಂದ ಶುರು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ದಿನಾ ಓಡಿಸುತ್ತೀರಿ ಅಂತ ಓದಿ ಖುಷಿಯಾಯಿತು. ಇಂಥ ಕಾರಿಗೆ ಹೊದಿಕೆ ಹಾಕಿ ಮಲಗಿಸಿದರೆ ಬ್ಯಾಟರಿ, ಸೀಲು, ಟೈರು ಎಲ್ಲ ನಿಂತಲ್ಲೇ ಹಾಳಾಗುತ್ತವೆ. ಓಡಬೇಕು. ಆದರೆ ಎಲ್ಲಿ ಓಡುತ್ತದೆ ಅನ್ನುವುದನ್ನು ಮೊದಲು ನೋಡೋಣ. ಜೂನ್ ಹುಟ್ಟಿದರೆ ಸೆಪ್ಟೆಂಬರ್ ತನಕ ನಮ್ಮ ಕಡೆ ರಸ್ತೆ ಸರಿಯಾಗಿ ಒಣಗುವುದೇ ಇಲ್ಲ. ಕುಂಬಳೆ ರಸ್ತೆಯ ತಿರುವುಗಳಲ್ಲಿ ಗುಡ್ಡದ ಕೆಂಪು ಮಣ್ಣು ನೀರಿನ ಜೊತೆ ಇಳಿದು ಟಾರಿನ ಮೇಲೆ ಕೂತಿರುತ್ತದೆ. ನಿಮ್ಮ ಕಾರು ಹಿಂದಿನ ಚಕ್ರದಿಂದ ಓಡುವಂಥದ್ದು. 515 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ಚಕ್ರ ತಿರುಗಿಸುವ ಬಲವನ್ನು, ನೆಲಕ್ಕೆ ಮುಟ್ಟಿಸಬೇಕಾದದ್ದು ಹಿಂದಿನ ಎರಡು ಟೈರು. ಒದ್ದೆಯಲ್ಲಿ ಇರುವ ಪವರೇ ಜಾರಿ ಹೋಗುತ್ತಿರುವಾಗ ಇನ್ನೂ 30 ಕುದುರೆ ಸೇರಿಸಿ ಏನು ಮಾಡುತ್ತೀರಿ?

ಹಾಗಾಗಿ ಮೊದಲ ದುಡ್ಡು ಟೈರಿಗೆ. ನಾಲ್ಕೂ ಹೊಸದು ಹಾಕಿದರೆ ನಿಮ್ಮ ಎರಡು ಲಕ್ಷದಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಹೋಗಲಿ. ಬದಲಿಸುವ ಮೊದಲು ಈಗಿರುವ ಟೈರನ್ನು ಒಮ್ಮೆ ಓದಿ. ಬದಿಯಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್‌ಹ್ಯಾಂಡ್ ಬರುವ ಇಂಥ ಕಾರುಗಳಲ್ಲಿ ಟೈರಿನ ಗೀರು ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿರುವುದು ಜಾಸ್ತಿ, ಯಾಕೆಂದರೆ ಓಡಿದ್ದು ಕಡಿಮೆ, ನಿಂತದ್ದೇ ಹೆಚ್ಚು. ಉಗುರು ಒತ್ತಿ ನೋಡಿ, ಸ್ವಲ್ಪವೂ ಇಳಿಯದಿದ್ದರೆ ಆ ಟೈರು ಮಳೆಗೆ ಆಗದು. ಆಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಒಳಅಂಚಿನ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಅಲೈನ್‌ಮೆಂಟ್ ಹೋಗಿದೆ. ಹೊಸ ಟೈರು ಹಾಕಿ ಅಲೈನ್‌ಮೆಂಟ್ ಮಾಡಿಸದಿದ್ದರೆ ಆ ದುಡ್ಡು ರಸ್ತೆಗೆ ಉಜ್ಜಿದಂತೆ.

ಅಳತೆ ಮಾತ್ರ ಬದಲಿಸಬೇಡಿ. ಡ್ರೈವರ್ ಬಾಗಿಲಿನ ಕಂಬದಲ್ಲಿರುವ ಸ್ಟಿಕ್ಕರ್‌ನಲ್ಲಿ ಬರೆದದ್ದೇ ಇರಲಿ. ಅಗಲದ ಟೈರು ಅಂದರೆ ಜಾಸ್ತಿ ಹಿಡಿತ ಅನ್ನುವುದು ಒಣ ರಸ್ತೆಯ ಮಾತು. ನಿಂತ ನೀರಿನ ಮೇಲೆ ಅಗಲದ ಟೈರು ಬೇಗ ತೇಲುತ್ತದೆ. ತಲಪಾಡಿಯಿಂದ ಚೆಂಗಳದ ತನಕ ಹೈವೇ ಈಗ ಆರು ಪಥ ಆಗಿದೆ, ಕಾಲು ತಾನಾಗಿ ಒತ್ತುತ್ತದೆ. ನೀರು ಹರಿದು ಹೋಗಲು ಜಾಗವಿರುವ, ಒದ್ದೆ ರಸ್ತೆಯ ಗ್ರೇಡ್ ಚೆನ್ನಾಗಿರುವ ಟೈರು ಕೇಳಿ. ಟ್ರ್ಯಾಕ್‌ಗೆ ಮಾಡಿದ ಅರೆನುಣುಪು ಟೈರು ಎಷ್ಟೇ ಡಿಸ್ಕೌಂಟಿಗೆ ಸಿಕ್ಕಿದರೂ ಬೇಡ. ಕಾನೂನಿಗೆ 1.6 ಮಿಲಿಮೀಟರ್ ಆಳದ ಗೀರು ಸಾಕು, ನನ್ನ ಗ್ಯಾರೇಜಿಗೆ ಬರುವವರಿಗೆ ಮಳೆಗಾಲಕ್ಕೆ 3ಕ್ಕಿಂತ ಇಳಿಯಲು ನಾನು ಬಿಡುವುದಿಲ್ಲ.

ಎರಡನೆಯದು ಬ್ರೇಕ್. ದೊಡ್ಡ ಡಿಸ್ಕ್, ಹೊಸ ಕ್ಯಾಲಿಪರ್ ಬೇಕಾಗಿಲ್ಲ, ಕಂಪನಿ ಕೊಟ್ಟದ್ದೇ ಗಟ್ಟಿ ಇದೆ. ಬೇಕಾದದ್ದು ಹೊಸ ಬ್ರೇಕ್ ಆಯಿಲ್, ಒಳ್ಳೆ ಪ್ಯಾಡು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಡಲ ಬದಿಯ ನಮ್ಮ ಊರಿನಲ್ಲಿ ಅದಕ್ಕೆ ತೇವದ ಬರವಿಲ್ಲ ಅಲ್ವಾ? ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲಿನ ಲೆಕ್ಕದಲ್ಲಿ ಅದು 155ಕ್ಕೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಸುಮಾರು 1,700 ಕಿಲೋ ಕಾರನ್ನು ತಿರುವಿಗೊಮ್ಮೆ ತಡೆಯುತ್ತೀರಿ. ಆ ಶಾಖ ಪ್ಯಾಡು ದಾಟಿ ಆಯಿಲ್‌ಗೆ ಹೋಗುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಮೆತ್ತಗೆ ನೆಲಕ್ಕೆ. ಬಾನೆಟ್ ತೆಗೆದು ಡಬ್ಬಿ ನೋಡಿ. ಹೊಸ ಆಯಿಲ್ ತಿಳಿ ಹಳದಿ. ಕಪ್ಪು ಚಹಾದ ಬಣ್ಣಕ್ಕೆ ಬಂದಿದ್ದರೆ ಇವತ್ತೇ ಬದಲಿಸಿ. ಬಣ್ಣ ಚೆನ್ನಾಗಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ತೇವ ಕಣ್ಣಿಗೆ ಕಾಣುವುದಿಲ್ಲ. ಘಾಟಿಯಲ್ಲಿ ಸ್ಟಿಯರಿಂಗ್ ಹಿಂದಿರುವ ಪ್ಯಾಡಲ್ ಶಿಫ್ಟರ್ ಒತ್ತಿ ಗೇರ್ ಇಳಿಸಿಕೊಂಡು ಬನ್ನಿ, ಬ್ರೇಕ್‌ಗೆ ಅರ್ಧ ಕೆಲಸ ಉಳಿಯುತ್ತದೆ.

ಇನ್ನು ಗೆಳೆಯರ ಪಟ್ಟಿ. ಕೋಲ್ಡ್ ಏರ್ ಇಂಟೇಕ್ ಅಂತ ಮಾರುವ ಎಷ್ಟೋ ಕಿಟ್‌ಗಳಲ್ಲಿ ಫಿಲ್ಟರ್ ಬಾನೆಟ್‌ನೊಳಗೆ ತೆರೆದುಕೊಂಡು ಕೂತಿರುತ್ತದೆ. ಟ್ರಾಫಿಕ್‌ನಲ್ಲಿ ಅದು ಎಳೆಯುವುದು ಎಂಜಿನ್‌ನ ಬಿಸಿ ಗಾಳಿಯನ್ನೇ. ಎಣ್ಣೆ ಹಚ್ಚುವ ಫಿಲ್ಟರ್ ಆದರೆ ಆ ಎಣ್ಣೆ ಹೋಗಿ ಗಾಳಿ ಅಳೆಯುವ ಸೆನ್ಸರ್‌ಗೆ ಅಂಟುತ್ತದೆ. ಫಿಲ್ಟರನ್ನು ಬಂಪರ್ ಹತ್ತಿರ ಕೆಳಗೆ ಇಳಿಸುವ ಕಿಟ್ ಇನ್ನೂ ಅಪಾಯ. ಆಟಿಯ ಮಳೆಗೆ ಸರ್ವಿಸ್ ರಸ್ತೆಯಲ್ಲಿ ನೀರು ನಿಂತಾಗ ಅದು ನೀರನ್ನೇ ಎಳೆದುಕೊಂಡೀತು. ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ಎಂಜಿನ್ ಬಿಚ್ಚುವ ಕೆಲಸ. ಮಸ್ಟಂಗ್ ಯಾವತ್ತೂ ಇಲ್ಲಿ ತಯಾರಾದ ಕಾರಲ್ಲ, ಹೊರಗಿನಿಂದಲೇ ಬರುತ್ತಿತ್ತು. ಬಿಡಿಭಾಗಕ್ಕೆ ಎಷ್ಟು ಕಾಯಬೇಕು ಅನ್ನುವುದು ನಿಮಗೆ ಈಗಾಗಲೇ ಗೊತ್ತಾಗಿರಬಹುದು. ಕಂಪನಿಯ ಫಿಲ್ಟರ್ ಡಬ್ಬಿಯೇ ಇರಲಿ, ಪೇಪರ್ ಫಿಲ್ಟರ್ ಹೊಸದು ಹಾಕಿ.

ರೀಮ್ಯಾಪ್ ವಿಷಯಕ್ಕೆ ಬರೋಣ. ಪವರ್ ಅಂಕಿ ಪೆಟ್ರೋಲಿಗೆ ಕಟ್ಟಿಕೊಂಡಿರುತ್ತದೆ. ಅಮೆರಿಕದ 93 ಆಕ್ಟೇನ್ ಟ್ಯೂನ್ ಫೈಲ್ ಇಲ್ಲಿ ತಂದು ಹಾಕುವವರು ಇದ್ದಾರೆ. ಆಕ್ಟೇನ್ ಅಂದರೆ ಪೆಟ್ರೋಲ್ ನಾಕ್ ಆಗದೆ ತಡೆದುಕೊಳ್ಳುವ ಶಕ್ತಿಯ ಅಂಕಿ. ಅಲ್ಲಿಯ ಬಂಕ್‌ನ ಅಂಕಿ ಬೇರೆ ಲೆಕ್ಕದ್ದು, ಎರಡು ಪರೀಕ್ಷೆಗಳ ಸರಾಸರಿ. ಅಲ್ಲಿಯ 93 ನಮ್ಮ ಲೆಕ್ಕಕ್ಕೆ ಸುಮಾರು 98 ಆಗುತ್ತದೆ. ಆ ಫೈಲ್ ಹಾಕಿ ನಮ್ಮ ಮಾಮೂಲಿ ಪೆಟ್ರೋಲ್ ತುಂಬಿಸಿದರೆ ನಾಕ್ ಶುರು, ಅಂದರೆ ಪೆಟ್ರೋಲ್ ಸಿಲಿಂಡರಿನಲ್ಲಿ ತಾನಾಗಿ ಸಿಡಿಯುತ್ತದೆ. ಸೆನ್ಸರ್ ಅದನ್ನು ಹಿಡಿದು ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ದುಡ್ಡು ಕೊಟ್ಟ ಪವರ್ ಅಲ್ಲೇ ವಾಪಸ್. ಹೈ ಆಕ್ಟೇನ್ ಪೆಟ್ರೋಲ್ ನಿಮ್ಮ ದಿನದ ದಾರಿಯಲ್ಲಿ ಪ್ರತಿ ಸಲವೂ ಸಿಗುತ್ತದೆಯಾ ಅಂತ ಮೊದಲು ನೋಡಿಕೊಳ್ಳಿ. ಸಿಗದಿದ್ದರೆ ರೀಮ್ಯಾಪ್ ಮರೆತುಬಿಡಿ. ಬರೀ ಪೆಟ್ರೋಲ್ ಒಳ್ಳೆಯದು ಹಾಕಿದರೂ ಈ ಎಂಜಿನ್ ತಾನಾಗಿ ಹೊಂದಿಕೊಂಡು ಸ್ವಲ್ಪ ಚುರುಕಾಗುತ್ತದೆ.

ದುಡ್ಡು ಉಳಿದರೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿ. 6 ಸ್ಪೀಡ್ ಆಟೋಮ್ಯಾಟಿಕ್‌ಗೆ ಮರ್ಕಾನ್ ಎಲ್‌ವಿ ದರ್ಜೆಯ ಆಯಿಲ್ ಮಾತ್ರ. ಶಾಕ್ ಅಬ್ಸಾರ್ಬರ್ ಸೋರಿದೆಯಾ, ಬುಷ್ ಸೀಳಿದೆಯಾ ನೋಡಿಸಿ. ಕಾರು ತಗ್ಗಿಸುವ ಸ್ಪ್ರಿಂಗ್ ಬೇಡ, ಪಂಚಾಯತ್ ರಸ್ತೆಯ ಹಂಪ್‌ಗಳಲ್ಲಿ ಈಗಲೇ ಹೊಟ್ಟೆ ತಾಗುತ್ತಿರಬೇಕು. ಇಷ್ಟು ಮಾಡಿಸಿ ಒಂದು ಮಳೆಗಾಲ ಓಡಿಸಿ. ಆಮೇಲೂ ಪವರ್ ಸಾಲದು ಅನಿಸಿದರೆ ಬರೆಯಿರಿ, ಆಗ ಮಾತಾಡೋಣ.

ಪ್ರಶ್ನೆ: ಊರು ಉಪ್ಪಳ, ಕೆಲಸ ಶಾರ್ಜಾದಲ್ಲಿ. 2016ರ ಡಾಡ್ಜ್ ಚಾಲೆಂಜರ್ ಆರ್‌ಟಿಯಲ್ಲಿ ದಿನಾ ದುಬೈಗೆ ಹೋಗಿ ಬರುತ್ತೇನೆ. ಬೇಸಿಗೆಯಲ್ಲಿ ಎಸಿ ಹಾಕಿ ಜಾಮ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಸ್ವಲ್ಪ ಪವರ್ ಕೂಡ ಹೆಚ್ಚಿಸುವ ಆಸೆ. ಮುಂದೆ ಊರಿಗೂ ತರಬೇಕು ಅಂತಿದ್ದೇನೆ.
– ಓದುಗರು, ಶಾರ್ಜಾ

ಉತ್ತರ: ಆ ದಾರಿಯ ಜಾಮ್ ನನಗೆ ಚೆನ್ನಾಗಿ ಗೊತ್ತು, ಶಾರ್ಜಾದ ಗ್ಯಾರೇಜಿನಲ್ಲೇ ನಾನು ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕೆಲಸ ಕಲಿತದ್ದು. ಮುಳ್ಳು ಏರುತ್ತಿರುವಾಗ ಪವರ್ ಮಾತು ಬೇಡ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವಿನ ಸಂದಿಗೆ ಟಾರ್ಚ್ ಹಿಡಿದು ನೋಡಿ. ಮುಂದಿನಿಂದ ತೊಳೆದರೆ ಹೋಗದ ನುಣುಪು ಮರಳು ಅಲ್ಲಿ ತುಂಬಿರುತ್ತದೆ. ಎರಡನ್ನೂ ಬೇರೆ ಮಾಡಿಯೇ ತೊಳೆಯಬೇಕು. ಫ್ಯಾನ್ ಪೂರ್ತಿ ವೇಗಕ್ಕೆ ಹೋಗುತ್ತದೆಯಾ ಪರೀಕ್ಷಿಸಿ. ಕೂಲೆಂಟ್ ಬಗ್ಗೆ ಜಾಗ್ರತೆ: ಡಾಡ್ಜ್‌ನವರು 2013ರ ಮಾದರಿಯಿಂದ ಒಎಟಿ ಜಾತಿಯ ಕೂಲೆಂಟ್‌ಗೆ ಬಂದರು, ಅದಕ್ಕೂ ಮೊದಲು ಹೆಚ್‌ಒಎಟಿ. ಬಣ್ಣ ನೋಡಿ ಯಾರಾದರೂ ಎರಡನ್ನೂ ಬೆರೆಸಿದ್ದರೆ ಒಳಗೆ ಲೋಳೆ ಕಟ್ಟಿ ದಾರಿ ಮುಚ್ಚುತ್ತದೆ. ಪೂರ್ತಿ ತೆಗೆದು ತೊಳೆದು ಒಂದೇ ಜಾತಿಯದ್ದು ತುಂಬಿಸಿ.

ನೀವು ಮಾಡಬಹುದಾದ ಮೊದಲ ಅಪ್‌ಗ್ರೇಡ್ ಗೇರ್‌ಬಾಕ್ಸ್ ಆಯಿಲ್‌ಗೆ ದೊಡ್ಡ ಕೂಲರ್. ನಿಮ್ಮ ಕಾರಿನ 5.7 ಲೀಟರ್ ಹೆಮಿ ಎಂಜಿನ್ ಶಾಖ ತಡೆಯುತ್ತದೆ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಷ್ಟು ತಡೆಯುವುದಿಲ್ಲ. ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ಟಿಕ್ ಟಿಕ್ ಸದ್ದು ಬಿಸಿಯಾದ ಮೇಲೂ ನಿಲ್ಲದಿದ್ದರೆ ಲಿಫ್ಟರ್ (ವಾಲ್ವ್ ಎತ್ತುವ ಭಾಗ) ನೋಡಿಸಿ, ಅದನ್ನು ಮುಂದೆ ಹಾಕಿದರೆ ಕ್ಯಾಮ್‌ಶಾಫ್ಟ್‌ವರೆಗೆ ಹೋಗುತ್ತದೆ.

ಊರಿಗೆ ತರುವ ಯೋಚನೆ ಬಿಡಿ. ಹಳೆ ಕಾರು ಆಮದಿಗೆ ಸ್ಟಿಯರಿಂಗ್ ಬಲಗಡೆ ಇರಬೇಕು, ವಯಸ್ಸು ಮೂರು ವರ್ಷ ದಾಟಿರಬಾರದು. ನಿಮ್ಮದು ಎರಡರಲ್ಲೂ ಬೀಳುತ್ತದೆ. ಊರಿನ ಲೆಕ್ಕ ಇಟ್ಟುಕೊಂಡು ಅದಕ್ಕೆ ದುಡ್ಡು ಹಾಕಬೇಡಿ.

ಪ್ರಶ್ನೆ: ಅಣ್ಣನ ಮಸ್ಟಂಗ್‌ಗೆ ಬರೀ ಸದ್ದಿಗೋಸ್ಕರ ಎಕ್ಸಾಸ್ಟ್ ಬದಲಿಸಿದರೆ ಏನಾಗುತ್ತದೆ? ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದರೆ ಪವರ್ ಬರುತ್ತದಂತೆ, ನಿಜವೇ?
– ಓದುಗರು, ಮಂಜೇಶ್ವರ

ಉತ್ತರ: ಕನ್ವರ್ಟರ್ ಮುಟ್ಟಲೇಬೇಡಿ. ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ, ಡ್ಯಾಶ್‌ಬೋರ್ಡ್ ದೀಪ ಆರುವುದಿಲ್ಲ, ಹಿಂದೆ ನಿಂತವರಿಗೆ ವಿಷದ ಹೊಗೆ. ಹಿಂದಿನ ಮಫ್ಲರ್ ಮಾತ್ರ ಬದಲಿಸಿದರೆ ಸದ್ದು ಬದಲಾಗುತ್ತದೆ, ಪವರ್ ಇದ್ದಲ್ಲೇ ಇರುತ್ತದೆ. ಕಂಪನಿ ಕೊಟ್ಟ ರೂಪ ಬದಲಿಸಿ ಓಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು, ಎರಡೂ ಬೀಳಬಹುದು. ಕೇರಳದಲ್ಲಿ ಇದನ್ನು ಬಿಗಿಯಾಗಿ ನೋಡುತ್ತಾರೆ. ಅಪಘಾತವಾದಾಗ ಇನ್ಶೂರೆನ್ಸ್‌ನವರು ತೆಗೆಯುವ ಮೊದಲ ತಕರಾರೂ ಅದೇ. ಅಣ್ಣನಿಗೆ ಆ ದುಡ್ಡಿನಲ್ಲಿ ಮುಂದಿನ ಬ್ರೇಕ್ ಪ್ಯಾಡು ತರಿಸಲು ಹೇಳಿ, ಆರ್ಡರ್ ಕೊಡುವಾಗ ಕಾರಿನ ವಿನ್ ನಂಬರ್ (ಚಾಸಿ ನಂಬರ್) ಕೊಡಿ. ಆಗ ತಪ್ಪು ಪ್ಯಾಡು ಬಂದು ವಾಪಸ್ ಕಳಿಸುವ ರಗಳೆ ಇರುವುದಿಲ್ಲ.