ಸರ್ಫ್ ಬೋರ್ಡ್‌ಗೆ ಹಲಸಿನ ಹಲಗೆ ಆಗುತ್ತಾ?

ಪ್ರಶ್ನೆ: ನಮ್ಮ ಮನೆ ಮುಲ್ಕಿ ಹತ್ತಿರ. ಹಳೇ ಮನೆ ಬಿಚ್ಚಿದಾಗ ಹಲಸಿನ ಹಲಗೆಗಳು ಸಿಕ್ಕಿವೆ. ಒಂಬತ್ತು ಅಡಿಯ ಸರ್ಫ್ ಬೋರ್ಡ್ ಮಾಡುವ ಆಸೆ. ಆಚಾರಿ ನೋಡಿ, ‘ಎತ್ತಲಿಕ್ಕೆ ಆಗ್ಲಿಕ್ಕಿಲ್ಲ’ ಅಂದರು. ಬೇರೆ ಮರ ಹುಡುಕಲೇ?

ಉತ್ತರ: ಇಡೀ ಮರದಲ್ಲಿ ಕೆತ್ತುವುದಾದರೆ ಆಚಾರಿಯವರ ಮಾತು ನಿಜ. ಅಂಥ ಬೋರ್ಡಿನ ಗಾತ್ರ ಸುಮಾರು 65 ಲೀಟರ್. ಒಣಗಿದ ಹಲಸು ಲೀಟರಿಗೆ ಹೆಚ್ಚುಕಡಿಮೆ 600 ಗ್ರಾಂ ತೂಗುತ್ತದೆ. ಅಲ್ಲಿಗೆ 39 ಕೆಜಿ ಆಯಿತು.

ಆದರೆ ಮರ ಬದಲಿಸುವ ಮೊದಲು ಕಟ್ಟುವ ಕ್ರಮ ಬದಲಿಸಿ. ಒಳಗೆ ಟೊಳ್ಳು ಬಿಡಿ. ಅಮೆರಿಕದ ಟಾಮ್ ಬ್ಲೇಕ್ ಇಂಥ ಟೊಳ್ಳು ಬೋರ್ಡಿಗೆ 1932ರಲ್ಲೇ ಪೇಟೆಂಟ್ ಪಡೆದಿದ್ದರು. ದೋಣಿ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಹಾಗೆಯೇ ಉದ್ದಕ್ಕೆ ಒಂದು ಬೆನ್ನೆಲುಬು, ಅಡ್ಡಕ್ಕೆ ಪಕ್ಕೆಲುಬುಗಳು. ಇವಕ್ಕೆ 6 ಮಿ.ಮೀ. ಮರೀನ್ ಪ್ಲೈವುಡ್ ಸಾಕು. ನಡುನಡುವೆ ದೊಡ್ಡ ತೂತು ಕೊರೆದರೆ ತೂಕ ಇನ್ನೂ ಇಳಿಯುತ್ತದೆ. ಮೇಲೆ, ಕೆಳಗೆ 6 ಮಿ.ಮೀ. ದಪ್ಪದ ಪಟ್ಟಿಗಳನ್ನು ಅಂಟಿಸಿ. ಪೂರ್ತಿ ಹಲಸನ್ನೇ ಹೊದಿಸಿದರೂ ಆ ಪಟ್ಟಿಗಳ ತೂಕ 9 ಕೆಜಿ ಆಸುಪಾಸು. ಹೊರಗೆ ಗಾಜಿನ ನಾರಿನ ತೆಳು ಬಟ್ಟೆ (ಗ್ಲಾಸ್ ಬಟ್ಟೆ) ಹೊದಿಸಿ, ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಬಳಿಯಿರಿ.

ನಾನಾದರೆ ನಡುವಿನ ಮೂರು ಪಟ್ಟಿ ಮಾತ್ರ ಹಲಸು ಇಟ್ಟು, ಉಳಿದದ್ದಕ್ಕೆ ಹೆಬ್ಬೇವು ತರುತ್ತೇನೆ. ಪ್ಲೈವುಡ್ ಕಾರ್ಖಾನೆಗಳಿಗೆಂದು ನಮ್ಮ ರೈತರು ಬೆಳೆಯುವ ಮರ ಅದು. ಹಲಸಿಗಿಂತ ಹಗುರ. ಮಸುಕು ಹೆಬ್ಬೇವಿನ ನಡುವೆ ಹಲಸಿನ ಹಳದಿ ಎದ್ದು ಕಾಣುತ್ತದೆ. ಹಸಿ ಮರ ಮಾತ್ರ ಬೇಡ. ಆ ವಿಷಯದಲ್ಲಿ ನಿಮ್ಮ ಹಳೇ ಹಲಗೆಗಳೇ ಚಿನ್ನ, ಅವು ಒಣಗಿ ಎಷ್ಟೋ ವರ್ಷವಾಗಿದೆ. ಸಾಮಿಲ್ಲಿಗೆ ಒಯ್ಯುವ ಮೊದಲು ಮೊಳೆ ಇದೆಯೇ ನೋಡಿ. ತೇಗ ಯಾಕೆ ಬೇಡ ಅಂದರೆ, ಅದರೊಳಗಿನ ಎಣ್ಣೆ ಅಂಟು ಹಿಡಿಯಲು ಬಿಡುವುದಿಲ್ಲ.

ಇನ್ನೊಂದು ಮಾತು. ಹವಾಯಿಯವರು ಹಿಂದೆ ‘ಅಲಾಯಾ’ ಎಂಬ ತೆಳು ಹಲಗೆಯನ್ನು ‘ಉಲು’ ಮರದಿಂದಲೂ ಮಾಡುತ್ತಿದ್ದರು. ಉಲು ಎಂದರೆ ನಮ್ಮ ಜೀಗುಜ್ಜೆ, ಹಲಸಿನ ನೆಂಟ! ಅವರ ಮುಖಂಡರ ಉದ್ದನೆಯ ‘ಓಲೊ’ಗೆ ಬಳಸುತ್ತಿದ್ದ ವಿಲಿವಿಲಿ ಮರ ನಮ್ಮ ಕಾಫಿ ತೋಟದ ಹಾಲುವಾಣದ ಕುಲದ್ದು. ಹಾಲುವಾಣ ಹಗುರವೇನೋ ಹೌದು, ಆದರೆ ಬೇಗ ಹುಳು ಹಿಡಿಯುತ್ತದೆ. ಹಾಗಾಗಿ ನಾನು ಅದನ್ನು ಹೇಳುವುದಿಲ್ಲ.

ಪ್ರಶ್ನೆ: ಟೊಳ್ಳು ಬೋರ್ಡಿಗೆ ಗಾಳಿ ತೂತು ಬೇಕೇ ಬೇಕಾ? ನೀರು ಒಳಗೆ ಹೋಗುವ ಭಯ.

ಉತ್ತರ: ಬೇಕೇ ಬೇಕು. ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಒತ್ತಡ ಶೇ 10ರಷ್ಟು ಹೆಚ್ಚುತ್ತದೆ. ಅದು ಚದರ ಮೀಟರಿಗೆ ಸುಮಾರು 1,000 ಕೆಜಿ ಭಾರ ಒಳಗಿನಿಂದ ನೂಕಿದ ಹಾಗೆ. ನನ್ನ ಮೊದಲ ಬೋರ್ಡನ್ನು ಏಪ್ರಿಲ್ ಬಿಸಿಲಲ್ಲಿ ಕಾರಿನ ಮೇಲೆ ಕಟ್ಟಿಟ್ಟಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಬದಿಯ ಅಂಟು ಬಿಟ್ಟು ಬಾಯಿ ತೆರೆದಿತ್ತು. ಎರಡು ತಿಂಗಳ ಕೆಲಸ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪಕ್ಕೆಲುಬುಗಳ ತೂತು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಗಾಳಿ ಎಲ್ಲ ಕೋಣೆಗಳಿಂದ ಒಂದೇ ಕಡೆ ಹೊರಬರಬೇಕು. ಅಲ್ಲಿ ರಬ್ಬರ್ ವಾಷರ್ ಇರುವ ಹಿತ್ತಾಳೆ ಸ್ಕ್ರೂ ಕೂರಿಸಿ. ನೀರಿಗೆ ಇಳಿಯುವ ಮೊದಲು ಬಿಗಿ ಮಾಡಿ, ದಡಕ್ಕೆ ಬಂದ ಕೂಡಲೇ ಸಡಿಲಿಸಿ, ಆಮೇಲೆ ನೆರಳಲ್ಲಿ ಇಡಿ.