ಬಹರಿಯಾದಿಂದ ಸೀವಾಕ್ಕೆ ನೇರವಾಗಿ ಹೋಗಬಹುದೇ?

ಈಜಿಪ್ಟಿನ ಮರುಭೂಮಿಯ ಓಯಸಿಸ್ ಬಹರಿಯಾದಿಂದ ಇನ್ನೊಂದು ಓಯಸಿಸ್ ಸೀವಾಕ್ಕೆ ನಕ್ಷೆಯಲ್ಲಿ ನೇರ ರಸ್ತೆ ಕಂಡರೂ ನಿಮ್ಮ ಚಾಲಕರು ಒಪ್ಪದಿರುವುದಕ್ಕೆ ಬಹುಶಃ ಸೇನೆಯ ಅನುಮತಿಯೇ ಕಾರಣ. ಅದಿಲ್ಲದೆ ವಿದೇಶಿಯರು ಆ ಮರುಭೂಮಿ ದಾರಿಯಲ್ಲಿ ಹೋಗುವಂತಿಲ್ಲ. ಸೀವಾ ಲಿಬಿಯಾ ಗಡಿಗೆ ಸುಮಾರು 50 ಕಿ.ಮೀ. ಸಮೀಪದಲ್ಲಿದೆ. ಹೆಚ್ಚು ಹಣ ಕೊಟ್ಟು ಬೇರೆಯವರನ್ನು ಒಪ್ಪಿಸಲು ದಯವಿಟ್ಟು ಹೋಗಬೇಡಿ.

ಬಹರಿಯಾ ಕಡೆಯ ಶ್ವೇತ ಮರುಭೂಮಿ ನೋಡಿಕೊಂಡು ಮೊದಲು ಕೈರೋಗೆ ಮರಳಿ. ಅಲ್ಲಿಂದ ಕರಾವಳಿ ಪಟ್ಟಣ ಮೆರ್ಸಾ ಮತ್ರೂಹ್ ಮೂಲಕ ಸೀವಾಕ್ಕೆ ಹೊರಡಿ. ಮತ್ರೂಹ್‌ನಿಂದಲೇ ಇನ್ನೂ ಸುಮಾರು 300 ಕಿ.ಮೀ. ಇದೆ. ಸುತ್ತು ದಾರಿ ನಿಜ, ಆದರೂ ಇದೇ ಸರಿ. ಪಾಸ್‌ಪೋರ್ಟ್ ಕೈಗೆಟುಕುವಂತಿರಲಿ, ದಾರಿಯ ತಪಾಸಣೆಗಳಲ್ಲಿ ಕೇಳುತ್ತಾರೆ. ಸೀವಾದ ಮರಳು ದಿಬ್ಬಗಳ ಸಫಾರಿಗೂ ಅನುಮತಿ ಬೇಕು. ಹಿಂದಿನ ದಿನವೇ ಮಾರ್ಗದರ್ಶಿಗೆ ಪಾಸ್‌ಪೋರ್ಟ್ ಪ್ರತಿ ಕೊಡಿ. ಅನುಮತಿಗೆ ಕಾಯುವ ಬಿಡುವಿನಲ್ಲಿ ಸೀವಾದಲ್ಲೇ ಇರುವ ಅಘೂರ್ಮಿ ಗುಡ್ಡ ಹತ್ತಿ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ದೈವವಾಣಿ ಕೇಳಲು ಬಂದಿದ್ದ, ಪ್ರಾಚೀನ ಈಜಿಪ್ಟಿನ ದೇವರು ಅಮುನ್‌ನ ದೇಗುಲ ಅಲ್ಲಿದೆ.